ಮೆಟಲ್‌ಗೆ ಮೆಟಲ್ ಅಂಟಿಸೋಕೆ ಯಾವ ಗಮ್ಮು? ಅರಾಲ್ಡೈಟು, ಫೆವಿಕ್ವಿಕ್ಕು, ಎಂ-ಸೀಲು, ಲಾಕ್‌ಟೈಟು, ಯಾವ್ದು ಎಲ್ಲಿಗೆ

ಮಂಡ್ಯದ ಯಾವ್ದೇ ಹಾರ್ಡ್‌ವೇರ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತ್ಕೊಳ್ಳಿ, ಯಾರಾದ್ರೂ ಒಬ್ರು ಮುರಿದೋಗಿರೋ ತುಂಡನ್ನ ಪೇಪರಲ್ಲಿ ಸುತ್ಕೊಂಡು ಬಂದು "ಅಣ್ಣ, ಇರೋದ್ರಲ್ಲೇ ಸ್ಟ್ರಾಂಗಾಗಿರೋ ಗಮ್ ಕೊಡಣ್ಣ, ಎತ್ತು ಕಟ್ಟಿ ಎಳುದ್ರೂ ಬುಡ್ಬಾರ್ದು" ಅಂತ ಕೇಳೇ ಕೇಳ್ತಾರೆ. ಅಂಗಡಿಯವ್ರು ಕೈಗೆ ಸಿಕ್ಕಿದ್ದು ಕೊಡ್ತಾರೆ, ಸ್ವಲ್ಪ ದಿನಕ್ಕೆ ಅದೇ ತುಂಡು ಅದೇ ಪೇಪರಲ್ಲಿ ವಾಪಸ್ ಬರುತ್ತೆ, "ಡೂಪ್ಲಿಕೇಟ್ ಮಾಲು ಕೊಟ್ಬುಟ್ರಿ" ಅಂತ ಜಗಳ. ಬಹಳ ಸಲ ಮಾಲು ಸರಿಯಾಗೇ ಇರುತ್ತೆ ಕಣ್ರೀ. ಆ ಜಾಯಿಂಟಿಗೆ ಬಲ ಯಾವ ಕಡೆಯಿಂದ ಬೀಳುತ್ತೆ, ಎರಡು ತುಂಡಿನ ಮಧ್ಯೆ ಎಷ್ಟು ಸಂದಿ ಇದೆ, ಅದು ಎಷ್ಟು ಬಿಸಿ ಆಗುತ್ತೆ, ಈ ಮೂರು ಹೇಳ್ದೆ ಸ್ಟ್ರಾಂಗ್ ಗಮ್ ಕೊಡಿ ಅಂದ್ರೆ ಯಾರಿಗೂ ಸರಿಯಾಗಿ ಕೊಡೋಕಾಗಲ್ಲ.

ನಾನಿರೋದು ಲೇತು, ಪಂಪ್‌ಸೆಟ್ಟು, ಟಿಲ್ಲರ್ರು ಇವುಗಳ ಮಧ್ಯೆ, ಅದಕ್ಕೆ ಕೊಡೋ ಉದಾಹರಣೆಗಳೂ ಅಲ್ಲಿಂದಾನೇ. ಮನೇಲಿ ಕಿಟಕಿ ಕೊಂಡಿನೋ ಸ್ಟೂಲಿನ ಕಾಲೋ ಅಂಟಿಸೋರಿಗೂ ಲೆಕ್ಕ ಇದೇನೇ.

ಮೊದ್ಲು ಬಲದ ದಿಕ್ಕು ನೋಡಿ

ಎರಡು ಪಟ್ಟಿ ಒಂದರ ಮೇಲೊಂದು ಇಟ್ಟು ಅಂಟಿಸಿ, ಎರಡೂ ತುದಿ ಹಿಡಿದು ಉದ್ದಕ್ಕೆ ಎಳೆದ್ರೆ ಅದಕ್ಕೆ ಶಿಯರ್ ಅಂತಾರೆ. ಒಳ್ಳೆ ಎಪಾಕ್ಸಿ, ನೀಟಾಗಿ ಉಜ್ಜಿ ಕ್ಲೀನ್ ಮಾಡಿರೋ ಸ್ಟೀಲ್ ಮೇಲೆ ಶಿಯರಲ್ಲಿ ಸುಮಾರು 20 ಮೆಗಾಪ್ಯಾಸ್ಕಲ್ ತಡೆಯುತ್ತೆ. ನಮ್ ಭಾಷೇಲಿ ಹೇಳೋದಾದ್ರೆ ಒಂದು ಚದರ ಸೆಂಟಿಮೀಟರ್‌ಗೆ ಹತ್ತತ್ರ 200 ಕೆಜಿ. ಒಂದಿಂಚು ಉದ್ದ ಒಂದಿಂಚು ಅಗಲ ಅಂಟಿಸಿದ್ರೆ ಲೆಕ್ಕದಲ್ಲಿ 1300 ಕೆಜಿ! ಪ್ಯಾಕೆಟ್ ಮೇಲೆ ಟ್ರಕ್ ಎಳೆಯೋ ಚಿತ್ರ ಹಾಕ್ತಾರಲ್ಲ, ಅದು ಸುಳ್ಳೇನಲ್ಲ, ಈ ದಿಕ್ಕಲ್ಲಿ ಮಾತ್ರ ನಿಜ.

ಅದೇ ಪಟ್ಟಿನ ಒಂದು ತುದಿ ಹಿಡ್ಕೊಂಡು ಮೇಲಕ್ಕೆ ಸುಲಿದಂಗೆ ಎಳೀರಿ. ಅದೇ ಒಂದಿಂಚು ಅಗಲದ ಜಾಯಿಂಟು ಹತ್ತಿಪ್ಪತ್ತು ಕೆಜಿಗೇ ಬಿಟ್ಕೊಂಡ್ಬಿಡುತ್ತೆ. ಕಾವಲಿಗೆ ಅಂಟ್ಕೊಂಡಿರೋ ದೋಸೆನ ನೇರ ಎತ್ತೋಕೆ ಹೋದ್ರೆ ಬರಲ್ಲ, ಅಂಚಿಗೆ ಸಟ್ಟುಗ ಹಾಕಿದ್ರೆ ಸಲೀಸಾಗಿ ಎದ್ದು ಬರುತ್ತಲ್ಲ, ಅದೇ ಕತೆ: ಬಲವೆಲ್ಲ ಒಂದು ಗೆರೆ ಮೇಲೆ ಬಿದ್ದಾಗ ಗಮ್ಮಿನ ಮಿಕ್ಕ ಭಾಗ ಸುಮ್ನೆ ನೋಡ್ತಾ ಕೂತಿರುತ್ತೆ. ಗೋಡೇಲಿರೋ ಕಬ್ಬಿಣಕ್ಕೆ ಅಂಟಿಸಿದ ಹುಕ್ಕು, ಬಾಗಿಲ ಹ್ಯಾಂಡಲ್ಲು, ಟೂಲ್ ಬಾಕ್ಸ್ ಮುಚ್ಚಳದ ಕೀಲು, ಇವೆಲ್ಲ ಬಿಟ್ಕೊಳ್ಳೋದು ಇದಕ್ಕೇ, ಇಲ್ಲಿ ಎಷ್ಟು ದುಬಾರಿ ಗಮ್ ತಂದ್ರೂ ಒಂದು ರಿವಿಟ್ಟೋ ಒಂದು ಸ್ಕ್ರೂನೋ ಜೊತೆಗೆ ಹಾಕ್ದಿದ್ರೆ ನಿಲ್ಲಲ್ಲ.

ಇನ್ನೊಂದು ವಿಷಯ, ರಾಡ್ ತುಂಡಾಗಿದ್ರೆ ಮುರಿದ ಎರಡು ಮುಖ ಎದುರುಬದುರು ಇಟ್ಟು ಅಂಟಿಸೋದು ವೇಸ್ಟು. ಸ್ವಲ್ಪ ಬಾಗಿದ್ರೂ ಒಂದು ಕಡೆಯಿಂದ ಬಿಚ್ಕೊಳ್ಳುತ್ತೆ. ಹೊರಗಡೆಯಿಂದ ಪೈಪಿನ ತುಂಡು ಸ್ಲೀವ್ ಥರ ಹಾಕಿ, ಇಲ್ಲಾಂದ್ರೆ ಎರಡೂ ಕಡೆ ಪಟ್ಟಿ ಇಟ್ಟು ಅಂಟಿಸಿ, ಆಗ ಬಲ ಶಿಯರಿಗೆ ಬರುತ್ತೆ. ಪಟ್ಟಿ ಇಡೋವಾಗ ಉದ್ದಕ್ಕಿಂತ ಅಗಲ ಜಾಸ್ತಿ ಮಾಡಿ. ಜಾಯಿಂಟಲ್ಲಿ ಒತ್ತಡ ಎರಡು ತುದೀಲೇ ಜಾಸ್ತಿ ಇರೋದ್ರಿಂದ ಉದ್ದ ಡಬಲ್ ಮಾಡಿದ್ರೆ ಬಲ ಡಬಲ್ ಆಗಲ್ಲ, ಅಗಲ ಡಬಲ್ ಮಾಡಿದ್ರೆ ಹತ್ತತ್ರ ಡಬಲ್ ಆಗುತ್ತೆ.

ಎಪಾಕ್ಸಿ: ಡೌಟ್ ಇದ್ರೆ ಇದೇ ತಗೊಳ್ಳಿ

ಎರಡು ಟ್ಯೂಬು, ಒಂದು ರೆಸಿನ್ನು ಒಂದು ಹಾರ್ಡ್ನರ್ರು. ನಮ್ಮಲ್ಲಿ ಯಾವ ಕಂಪ್ನಿದಾದ್ರೂ ಜನ ಅರಾಲ್ಡೈಟ್ ಅಂತಾನೇ ಕರೆಯೋದು. ಮೆಟಲ್ ಅಂಟಿಸೋದು ಏನೋ ಜುಗಾಡು ಅಂತ ವೆಲ್ಡಿಂಗ್‌ನೋರು ನಗ್ತಾರೆ, ಆದ್ರೆ 1941ರಲ್ಲೇ ಇಂಗ್ಲೆಂಡಿನ ಡಕ್ಸ್‌ಫರ್ಡಲ್ಲಿ ರೆಡಕ್ಸ್ ಅನ್ನೋ ಅಂಟು ಕಂಡುಹಿಡಿದು, ಆಮೇಲೆ ಅದನ್ನ ಹಾರ್ನೆಟ್ ಅನ್ನೋ ಯುದ್ಧವಿಮಾನದ ರೆಕ್ಕೆಗೇ ಹಾಕಿದ್ರು. ಈಗ ಅರಾಲ್ಡೈಟು, ಎಂ-ಸೀಲು, ಫೆವಿಕ್ವಿಕ್ಕು ಮೂರೂ ನಮ್ ದೇಶದಲ್ಲಿ ಪಿಡಿಲೈಟ್‌ದೇ, 2020ರಲ್ಲಿ ಅರಾಲ್ಡೈಟ್ ಕೂಡ ಅವ್ರ ಕೈಗೆ ಬಂತು, ಹಾಗಾಗಿ ಯಾವ ಕಂಪ್ನಿದು ಬೆಸ್ಟು ಅಂತ ಜಗಳ ಆಡೋರು ಒಂದೇ ಮನೆ ಮೂರು ಮಕ್ಕಳ ಬಗ್ಗೆ ಜಗಳ ಆಡ್ತಾ ಇರ್ತಾರೆ. ನೋಡ್ಬೇಕಾಗಿರೋದು ಯಾವ ಜಾತಿ ಗಮ್ಮು ಅನ್ನೋದನ್ನ.

ಎಪಾಕ್ಸೀಲಿ ನಿಧಾನದ್ದು, ಅರ್ಜೆಂಟಿಂದು ಅಂತ ಎರಡು ಥರ ಸಿಗುತ್ತೆ. ಐದು ನಿಮಿಷಕ್ಕೆ ಗಟ್ಟಿ ಆಗೋದು ಕೈಯಲ್ಲಿ ಹಿಡ್ಕೊಂಡೇ ಕೆಲ್ಸ ಮುಗಿಸ್ಬೋದು ಅಂತ ಎಲ್ರಿಗೂ ಇಷ್ಟ. ಆದ್ರೆ ಸಾಮಾನ್ಯವಾಗಿ ನಿಧಾನದ್ದೇ ಜಾಸ್ತಿ ಗಟ್ಟಿ, ನೀರು ಬಿಸಿ ಎರಡನ್ನೂ ಅದೇ ಜಾಸ್ತಿ ತಡೆಯುತ್ತೆ. ಬಾವಿ ಹತ್ರ, ಗದ್ದೆ ಬಯಲಲ್ಲಿ ಮಳೆ ಬಿಸಿಲು ತಿನ್ನೋ ಸಾಮಾನಿಗೆ ಕ್ವಿಕ್ಕಿಂದು ತರ್ಲೇಬೇಡಿ. ಅದು ಷೋಕೇಸ್ ಸಾಮಾನಿಗೆ, ಮನೆ ಒಳಗಿನ ಚಿಲ್ರೆ ರಿಪೇರಿಗೆ ಸರಿ. ನಿಧಾನದ್ದನ್ನ ಸಂಜೆ ಅಂಟಿಸಿ ಕ್ಲಾಂಪ್ ಹಾಕ್ಬಿಟ್ರೆ ಬೆಳಿಗ್ಗೆಗೆ ಮುಟ್ಟೋ ಹಂಗಾಗಿರುತ್ತೆ, ಭಾರ ಹಾಕೋಕೆ ಮಾತ್ರ ಪೂರ್ತಿ ಒಂದು ದಿನವಾದ್ರೂ ಬಿಡಿ. ಗಟ್ಟಿ ಆಯ್ತು ಅನ್ನೋದೂ ಪೂರ್ತಿ ಬಲ ಬಂತು ಅನ್ನೋದೂ ಬೇರೆ ಬೇರೆ, ಉಗುರಲ್ಲಿ ಒತ್ತಿ ನೋಡಿ ಆಯ್ತು ಅಂತ ಪುಲ್ಲಿ ತಿರುಗಿಸಿಬಿಡೋರೇ ಜಾಸ್ತಿ.

ಬೇಗ ಆಗ್ಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕೋ ಚಾಳಿ ಒಂದಿದೆ. ಇದು ಗಾಡಿ ಟಿಂಕರಿಂಗಿನ ಪುಟ್ಟಿಯಿಂದ, ಫೈಬರ್ ಕೆಲ್ಸದ ರೆಸಿನ್ನಿಂದ ಬಂದ ಅಭ್ಯಾಸ. ಅಲ್ಲಿ ಹಾಕೋದು ಒಂದು ಚೂರು ಕೆಟಲಿಸ್ಟು, ಸ್ವಲ್ಪ ಹೆಚ್ಚು ಕಮ್ಮಿ ಮಾಡಿದ್ರೆ ಸ್ಪೀಡು ಬದಲಾಗುತ್ತೆ. ಎಪಾಕ್ಸೀಲಿ ಹಾರ್ಡ್ನರ್ರೇ ಗಮ್ಮಿನ ಅರ್ಧ ಭಾಗ, ರೆಸಿನ್ ಜೊತೆ ಲೆಕ್ಕಕ್ಕೆ ಲೆಕ್ಕ ಕೂಡ್ಕೊಳ್ಳುತ್ತೆ, ಜಾಸ್ತಿ ಆಗಿದ್ದು ಹಂಗೇ ಉಳ್ಕೊಂಡು ಜಾಯಿಂಟು ರಬ್ಬರ್ ಥರ ಮೆತ್ತಗಾಗುತ್ತೆ. ಬೇಗ ಆಗ್ಬೇಕು ಅಂದ್ರೆ ಬಿಸಿ ಕೊಡಿ. ಅಂದಾಜಿಗೆ 10 ಡಿಗ್ರಿ ಜಾಸ್ತಿ ಆದ್ರೆ ಟೈಮು ಅರ್ಧ ಆಗುತ್ತೆ, ಏಪ್ರಿಲಲ್ಲಿ ಮಂಡ್ಯದ ಬಿಸಿಲಿಗೆ ತಗಡಿನ ಮೇಲಿಟ್ರೆ ಡಿಸೆಂಬರಲ್ಲಿ ಒಳಗಿಟ್ಟಿದ್ದಕ್ಕಿಂತ ಎಷ್ಟೋ ಬೇಗ ಕೂರುತ್ತೆ. ಬಿಸಿಯಾದಾಗ ಮೊದ್ಲು ನೀರಾಗಿ ಹರಿಯುತ್ತೆ, ಅದಕ್ಕೆ ಜಾಯಿಂಟು ಮಟ್ಟವಾಗಿ ಇಡಿ, ಕೆಳಗಡೆಯಿಂದ ಟೇಪ್ ಹಾಕಿ.

ಕಲಸೋವಾಗ ಒಂದು ಟೈಲ್ಸ್ ಚೂರಿನ ಮೇಲೆ ಎರಡೂ ಪಕ್ಕಪಕ್ಕ ಒಂದೇ ಉದ್ದಕ್ಕೆ ಹಿಂಡಿ (ಪ್ಯಾಕೆಟ್ ಮೇಲೆ ಸಮಸಮ ಅಂತ ಇದ್ರೆ ಮಾತ್ರ, ಇಂಡಸ್ಟ್ರಿಯಲ್ ಮಾಲಲ್ಲಿ ಲೆಕ್ಕ ಬೇರೆ ಇರುತ್ತೆ), ಬಣ್ಣದ ಗೆರೆ ಕಾಣಿಸ್ದೆ ಇರೋವರ್ಗೂ ತಿರುವಿ, ಎರಡು ನಿಮಿಷ ಆದ್ರೂ ಬೇಕು. ಟೀ ಕಪ್ಪಲ್ಲಿ ಜಾಸ್ತಿ ಕಲಸಿಡ್ಬೇಡಿ, ಗುಡ್ಡೆಯಾಗಿದ್ರೆ ಅದರ ಬಿಸಿ ಅದಕ್ಕೇ ಏರಿ ಹೊಗೆ ಬಂದು ಕಪ್ಪಲ್ಲೇ ಕಲ್ಲಾಗುತ್ತೆ. ಆಮೇಲೆ ಕ್ಲಾಂಪು. ಶಕ್ತಿ ಎಲ್ಲ ಹಾಕಿ ವೈಸಲ್ಲಿ ಕಚ್ಚಿಸ್ಬೇಡಿ, ಗಮ್ಮೆಲ್ಲ ಆಚೆ ಬಂದು ಒಳಗೆ ಒಣ ಕಬ್ಬಿಣ ಉಳ್ಕೊಳ್ಳುತ್ತೆ. ಮಧ್ಯೆ 0.1ರಿಂದ 0.3 ಎಂಎಂ ಗಮ್ಮು ಇರ್ಬೇಕು, ಅದಕ್ಕೆ ಸುಲಭ ಉಪಾಯ ಅಂದ್ರೆ ಸಣ್ಣ ಮೀನಿನ ಗಾಳದ ದಾರ ಎರಡು ತುಂಡು ಒಳಗಿಟ್ಟು ಅಂಟಿಸೋದು.

ಎಂ-ಸೀಲೂ ಎಪಾಕ್ಸೀನೇ, ಹಿಟ್ಟಿನ ಥರ ಮಾಡಿರೋದು. ನಾದಿ ಒಂದೇ ಬಣ್ಣ ಬಂದ್ಮೇಲೆ ಒತ್ತೋದು. ಸಂದಿ ತುಂಬೋಕೆ, ಪೈಪ್ ಲೀಕು ನಿಲ್ಸೋಕೆ, ತೂತು ಮುಚ್ಚೋಕೆ ಇದ್ರಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ. ಎರಡು ತುಂಡು ಸೇರಿಸಿ ಭಾರ ಹೊರ್ಸೋಕೆ ಮಾತ್ರ ಅಲ್ಲ, ಗಟ್ಟಿ ಹಿಟ್ಟು ಆಗಿರೋದ್ರಿಂದ ಅದು ಮೆಟಲ್ ಮೈಯ ಸಣ್ಣ ಸಣ್ಣ ಗೀರಿನೊಳಗೆ ಇಳಿಯಲ್ಲ. ಜೆಬಿ ವೆಲ್ಡು, ಡೆವ್ಕಾನು ಇವು ಸ್ಟೀಲ್ ಪುಡಿ ಸೇರಿಸಿರೋ ಎಪಾಕ್ಸಿ. ಹೆಸರಲ್ಲಿ ವೆಲ್ಡ್ ಇದ್ರೂ ವೆಲ್ಡಿಂಗ್ ಅಲ್ಲ. ಆದ್ರೆ ಗಟ್ಟಿ ಆದ್ಮೇಲೆ ಅರ ಹಾಕ್ಬೋದು, ಡ್ರಿಲ್ ಹೊಡೀಬೋದು, ಟ್ಯಾಪ್ ಹಾಕಿ ಥ್ರೆಡ್ ಕೂಡ ತೆಗೀಬೋದು. ಪಂಪಿನ ಬೀಡು (ಎರಕದ) ಕಬ್ಬಿಣದ ಕೇಸಿಂಗು ಮರಳು ನೀರಿಗೆ ಸವೆದು ಗುಳಿ ಬಿದ್ದಿದ್ರೆ ಇದನ್ನ ತುಂಬಿ ಉಜ್ಜಿ ಮಟ್ಟ ಮಾಡಿದ್ರೆ ಚೆನ್ನಾಗೇ ಓಡುತ್ತೆ. ಶಾಫ್ಟಲ್ಲಿ ಕೀ ಕೂರೋ ಗಾಡಿ (ಕೀ-ವೇ) ಸವೆದಿದ್ರೆ ಮಾತ್ರ ಇದನ್ನ ತುಂಬಕ್ಕೋಗ್ಬೇಡಿ, ಮೋಟ್ರು ಸ್ಟಾರ್ಟ್ ಆಗೋ ಏಟಿಗೇ ಪುಡಿಪುಡಿ.

ಒಂದು ಎಚ್ಚರಿಕೆ: ಹಸಿ ಎಪಾಕ್ಸಿ ಪದೇ ಪದೇ ಕೈಗೆ ತಾಗ್ತಿದ್ರೆ ಕೆಲವ್ರಿಗೆ ಅಲರ್ಜಿ ಶುರುವಾಗುತ್ತೆ, ಒಂದ್ಸಲ ಶುರುವಾದ್ರೆ ಆಮೇಲೆ ಒಂದು ಹನಿಗೂ ಕೆರೆತ. ಗ್ಲೌಸ್ ಹಾಕ್ಕೊಳ್ಳಿ.

ಫೆವಿಕ್ವಿಕ್ಕು: ಬೈಯೋದೂ ತಪ್ಪು, ನಂಬೋದೂ ತಪ್ಪು

ಇದು ಸೈನೋಆಕ್ರಿಲೇಟ್. ಗಾಳೀಲಿರೋ ತೇವ ತಗೊಂಡು ಕೂರೋದು, ಅದಕ್ಕೇ ಮಳೆಗಾಲದಲ್ಲಿ ಕಣ್ ಮಿಟುಕಿಸೋದ್ರೊಳಗೆ ಹಿಡಿಯುತ್ತೆ, ಬೇಸಿಗೇಲಿ ಒಣ ಗಾಳಿಗೆ ಸ್ವಲ್ಪ ಸತಾಯಿಸುತ್ತೆ. ಎರಡು ಮೈ ಕನ್ನಡಿ ಥರ ಕೂತ್ಕೊಂಡಿದ್ರೆ, ಸಂದಿ ಕೂದಲೆಳೆಯಷ್ಟೂ ಇಲ್ದಿದ್ರೆ, ಬಲ ಶಿಯರಲ್ಲೇ ಇದ್ರೆ ಇದು ಎಪಾಕ್ಸಿ ಹತ್ರ ಹತ್ರ ಬಲ ಕೊಡುತ್ತೆ. ಆದ್ರೆ ಏಟು ತಡೆಯಲ್ಲ, ಸುಲಿಯೋ ಬಲ ತಡೆಯಲ್ಲ, 80 ಡಿಗ್ರಿ ಹತ್ರ ಬಂದ್ರೆ ಬಿಡುತ್ತೆ, ನೀರಲ್ಲಿ ದಿನಾ ನೆನೀತಿದ್ರೆ ಮೆಲ್ಲಗೆ ಸಾಯುತ್ತೆ. ಕೆಳಗೆ ಬಿದ್ರೆ ಟಣ್ ಅಂತ ಎರಡಾಗೋದು ಇದಕ್ಕೇ. ನಾನು ಇದನ್ನ ಬಳಸೋದು ಜಾಸ್ತಿ ಹಿಡ್ಕೊಳ್ಳೋ ಕೈ ಥರ: ಮೂಲೇಲಿ ಒಂದೊಂದು ತೊಟ್ಟು ಹಾಕಿ ತುಂಡು ಅಲ್ಲಾಡ್ದಂಗೆ ಮಾಡಿ, ಮಿಕ್ಕಿದ ಜಾಗಕ್ಕೆ ಎಪಾಕ್ಸಿ ಹಾಕಿರೋದು ನಿಧಾನಕ್ಕೆ ಕೂರ್ಲಿ ಅಂತ ಬಿಡೋದು.

ಬೆರಳು ಅಂಟ್ಕೊಂಡ್ರೆ ಎಳೀಬೇಡಿ, ಬಿಸಿನೀರು ಸೋಪು ಹಾಕಿ ನೆನೆಸಿ ಉರುಳಿಸಿದಂಗೆ ಬಿಡಿಸಿ. ಹತ್ತಿ ಬಟ್ಟೆ, ಹತ್ತಿ ಗ್ಲೌಸ್ ಮೇಲೆ ಜಾಸ್ತಿ ಚೆಲ್ಲಿದ್ರೆ ಸುಡೋ ಅಷ್ಟು ಬಿಸಿ ಆಗುತ್ತೆ, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಅಡಿಗೆ ಸೋಡಾ ಹಾಕಿ ಫೆವಿಕ್ವಿಕ್ ಬಿಡೋ ವಿಡಿಯೋಗಳಿವೆಯಲ್ಲ, ಅದು ಕಲ್ಲಿನ ಥರ ತುಂಬ್ಕೊಳ್ಳೋದು ನಿಜ, ಪ್ಲಾಸ್ಟಿಕ್ಕಿಗೆ ಓಕೆ, ಕಬ್ಬಿಣ ಕಬ್ಬಿಣ ಹಿಡಿಯೋಕೆ ಅದನ್ನ ನಂಬ್ಕೋಬೇಡಿ.

ಲಾಕ್‌ಟೈಟ್ ಜಾತಿ: ಶಾಫ್ಟು, ಬೇರಿಂಗು, ನಟ್ಟು

ನಮ್ ಕಡೆ ಅತಿ ಕಮ್ಮಿ ಜನಕ್ಕೆ ಗೊತ್ತಿರೋದೂ ಅತಿ ಜಾಸ್ತಿ ಕೆಲಸಕ್ಕೆ ಬರೋದೂ ಇದೇ. ಅನಏರೋಬಿಕ್ ಅಂತಾರೆ, ಗಾಳಿ ಇರೋವರ್ಗೂ ನೀರಾಗೇ ಇರುತ್ತೆ, ಎರಡು ಮೆಟಲ್ ಮಧ್ಯೆ ಗಾಳಿ ಸಿಗ್ದಂಗೆ ಸಿಕ್ಕಾಕೊಂಡಾಗ, ಆ ಮೆಟಲ್ ಮುಟ್ಟಿಸ್ಕೊಂಡು ಗಟ್ಟಿ ಆಗುತ್ತೆ. ಹೊಸ ಬಾಟ್ಲಿ ತಗೊಂಡ್ರೆ ಅರ್ಧ ಖಾಲಿ ಇರುತ್ತೆ, ಅಂಗಡಿಯವ್ನು ಮೋಸ ಮಾಡ್ದ ಅಂತ ಹೋಗ್ಬೇಡಿ, ಒಳಗೆ ಗಾಳಿ ಇರ್ಬೇಕು ಅಂತಾನೇ ಹಂಗೆ ತುಂಬೋದು.

ಮೋಟ್ರಿನ ಎಂಡ್ ಕವರಲ್ಲಿ ಬೇರಿಂಗ್ ಲೂಸಾಗಿ ಹೊರಗಿನ ರೇಸೇ (ಬಳೆ) ತಿರುಗ್ತಾ ಇರುತ್ತಲ್ಲ, ಅದಕ್ಕೆ ನಮ್ಮೋರು ಸೆಂಟರ್ ಪಂಚಲ್ಲಿ ಸುತ್ತ ಚುಕ್ಕಿ ಹೊಡೆದು ಬೇರಿಂಗ್ ಬಡಿದು ಕೂರಿಸ್ತಾರೆ, ಇಲ್ಲಾಂದ್ರೆ ತಂಪು ಪಾನೀಯದ ಟಿನ್ ಕತ್ತರಿಸಿ ಸಂದೀಲಿ ತುರುಕೋ ಶಿಮ್ ಮಾಡ್ತಾರೆ. ಚುಕ್ಕಿ ಹೊಡೆದಿದ್ದು ಬರೀ ತುದಿಗಳಲ್ಲಿ ಕೂತಿರುತ್ತೆ, ಸ್ವಲ್ಪ ದಿನಕ್ಕೆ ಸವೆದು ಮತ್ತೆ ಅದೇ ಕೂಗು. ಇಲ್ಲಿಗೆ ಲಾಕ್‌ಟೈಟ್ 638 ನಂಬರ್ ಥರದ ಹಸಿರು ರಿಟೈನಿಂಗ್ ಕಾಂಪೌಂಡ್ (ಬೇರಿಂಗ್ ಹಿಡಿದಿಡೋ ಗಮ್ಮು) ಹಾಕಿ. ವ್ಯಾಸದಲ್ಲಿ 0.25 ಎಂಎಂ ಸಂದಿವರ್ಗೂ ತುಂಬ್ಕೊಳ್ಳುತ್ತೆ, ಸುತ್ತ ಮೈಗೆಲ್ಲ ಹಿಡಿಯುತ್ತೆ. ಹಾಕೋವಾಗ ಒಂದು ಗೆರೆ ಸಾಕು, ಅದೂ ಹೌಸಿಂಗ್ ಕಡೆಗೆ. ಬೇರಿಂಗಿನ ಬಾಲ್ಸ್ ಒಳಗೆ ಒಂದು ಹನಿ ಇಳಿದ್ರೂ ಹೊಸ ಬೇರಿಂಗ್ ತಗೋಬೇಕಾಗುತ್ತೆ. ಸಂದಿ ಅದಕ್ಕಿಂತ ಜಾಸ್ತಿ ಇದ್ರೆ ಗಮ್ಮಿನ ಕೆಲ್ಸ ಅಲ್ಲ, ಲೇತಿಗೆ ಕೊಟ್ಟು ಬುಷ್ ಹಾಕಿಸಿ. ಮುಂದೆ ಮತ್ತೆ ಬಿಚ್ಬೇಕಾಗೋ ಬೇರಿಂಗ್ ಆದ್ರೆ 641 ಥರ ಕಮ್ಮಿ ಬಲದ್ದು ತಗೊಳ್ಳಿ.

ನಟ್ಟು ಬೋಲ್ಟಿಗೆ ನೀಲಿ ಬಣ್ಣದ 243, ಸ್ಪ್ಯಾನರ್ ಹಾಕಿ ಬಿಚ್ಬೋದು. ಕೆಂಪು 271 ಹಾಕಿದ್ರೆ ಸುಮಾರು 250 ಡಿಗ್ರಿ ಬಿಸಿ ಕೊಡದೆ ಬಿಚ್ಚೋಕೋದ್ರೆ ಬೋಲ್ಟೇ ಕಟ್ಟಾಗ್ಬೋದು. ಟಿಲ್ಲರ್ ಬ್ಲೇಡ್ ಬೋಲ್ಟಿಗೆ ಸ್ಟ್ರಾಂಗ್ ಇರ್ಲಿ ಅಂತ ಕೆಂಪು ಹಾಕೋರಿದ್ದಾರೆ, ಬ್ಲೇಡ್ ಬದಲಾಯಿಸೋ ಸೀಸನ್ನಲ್ಲಿ ಗ್ಯಾಸ್ ಕಟರ್ ಹುಡುಕ್ತಾ ಓಡಾಡ್ತಾರೆ. ಸ್ಟೇನ್‌ಲೆಸ್ ಸ್ಟೀಲು, ಜಿಂಕ್ ಪ್ಲೇಟಿಂಗ್ ಬೋಲ್ಟು, ಆನೋಡೈಸ್ ಮಾಡಿದ ಅಲ್ಯೂಮಿನಿಯಂ ಇವುಗಳ ಮೇಲೆ ಈ ಜಾತಿ ಗಮ್ಮು ನಿಧಾನ, ಕೆಲವು ಸಲ ಕೂರೋದೇ ಇಲ್ಲ, ಅದಕ್ಕೆ ಆಕ್ಟಿವೇಟರ್ ಸ್ಪ್ರೇ ಬೇರೆ ಸಿಗುತ್ತೆ. ಲಾಕ್‌ಟೈಟ್ ದುಬಾರಿ ಅನ್ಸಿದ್ರೆ ಚೆನ್ನೈನ ಅನಾಬಾಂಡ್ ಕಂಪ್ನಿದೂ ಇದೇ ಥರ ಸಿಗುತ್ತೆ.

ಆಕ್ರಿಲಿಕ್ಕು, ಪಿಯು, ಸಿಲಿಕಾನು

ಎರಡು ಕೊಳವೆ ಕಾರ್ಟ್ರಿಜ್ಜು, ತುದೀಲಿ ಸುರುಳಿ ನಾಝಲ್ಲು, ಗನ್ನಲ್ಲಿ ಒತ್ತೋದು, ಇದು ಸ್ಟ್ರಕ್ಚರಲ್ ಆಕ್ರಿಲಿಕ್. ಶೀಟ್ ಮೆಟಲ್ ಕೆಲ್ಸ ಮಾಡೋರು, ಬಾಡಿ ಕಟ್ಟೋರು ಬಳಸೋದು. ಎಪಾಕ್ಸಿಗಿಂತ ಮೂರು ವಿಷಯದಲ್ಲಿ ಮೇಲು: ಹತ್ತಿಪ್ಪತ್ತು ನಿಮಿಷಕ್ಕೇ ಕೆಲ್ಸಕ್ಕೆ ಬರುತ್ತೆ, ಮೈ ಮೇಲೆ ಚೂರು ಎಣ್ಣೆ ಇದ್ರೂ ಸಹಿಸ್ಕೊಳ್ಳುತ್ತೆ, ಸುಲಿಯೋ ಬಲ ಏಟು ಎರಡನ್ನೂ ಚೆನ್ನಾಗಿ ತಡೆಯುತ್ತೆ. ತೆಳು ತಗಡಿಗೆ ಹಿಂದ್ಗಡೆ ಪಟ್ಟಿ ಅಂಟಿಸೋದಿದ್ರೆ ನಾನು ಕಣ್ಮುಚ್ಕೊಂಡು ಇದನ್ನೇ ಹೇಳ್ತೀನಿ, ವೆಲ್ಡ್ ಮಾಡಿದ್ರೆ ತಗಡು ಸೊಟ್ಟಗಾಗುತ್ತೆ, ಪೇಂಟ್ ಸುಡುತ್ತೆ, ಇದ್ರಲ್ಲಿ ಎರಡೂ ಇಲ್ಲ. ಕೆಟ್ಟದ್ದು ಅಂದ್ರೆ ವಾಸನೆ, ತಲೆ ಸುತ್ತೋ ಅಷ್ಟು ಇರುತ್ತೆ, ಬೆಂಕಿ ಹತ್ರ ಇಡಂಗಿಲ್ಲ, ರೇಟೂ ಜಾಸ್ತಿ, ಗನ್ ಬೇರೆ ತಗೋಬೇಕು. ಮಾಮೂಲಿ ಹಾರ್ಡ್‌ವೇರಲ್ಲಿ ಸಿಗೋದು ಅಪರೂಪ, ಮೈಸೂರಲ್ಲಿ ಹೆಬ್ಬಾಳ ಮೇಟಗಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ಫ್ಯಾಕ್ಟ್ರಿಗಳಿಗೆ ಸಪ್ಲೈ ಮಾಡೋ ಅಂಗಡಿಗಳಲ್ಲಿ ವಿಚಾರಿಸಿ, ಒಂದೇ ಜಾಯಿಂಟಿಗೋಸ್ಕರ ಅಂತೂ ಬೇಡ.

ಪಾಲಿಯುರಿಥೇನು, ಅಂದ್ರೆ ಪಿಯು, ಬಸ್ಸು ಕಾರಿನ ಗ್ಲಾಸ್ ಕೂರ್ಸೋದು. ಬಲ ಎಪಾಕ್ಸಿಯಷ್ಟಿಲ್ಲ ಆದ್ರೆ ಬಾಗುತ್ತೆ. ಬಾಗೋದು ಯಾಕೆ ಬೇಕು ಅಂದ್ರೆ, ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತತ್ರ ಎರಡು ಪಟ್ಟು ಹಿಗ್ಗುತ್ತೆ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿನ ಸ್ಟೀಲ್ ಫ್ರೇಮಿಗೆ ಅಂಟಿಸಿ ಟ್ರೈಲರ್ ಮೇಲೆ ಬಿಸಿಲಿಗಿಟ್ರೆ, ರಾತ್ರಿ ಹಗಲಿನ ಮಧ್ಯೆ 40 ಡಿಗ್ರಿ ವ್ಯತ್ಯಾಸ ಬಂದ್ರೆ ಎರಡೂ ಸೇರಿ 0.4 ಎಂಎಂಗಿಂತ ಜಾಸ್ತಿ ಎಳೆದಾಡ್ತವೆ, ಗಟ್ಟಿ ಎಪಾಕ್ಸಿ ಪದರ ಕೂದಲಷ್ಟು ದಪ್ಪ ಇದ್ದು ದಿನಾ ಇದನ್ನ ತಡ್ಕೊಳ್ಳೋದು ಕಷ್ಟ. ಉದ್ದ ಜಾಯಿಂಟು, ಬೇರೆ ಬೇರೆ ಮೆಟಲ್ಲು, ಬಿಸಿಲು: ಪಿಯು ಒಂದೆರಡು ಎಂಎಂ ದಪ್ಪ ಹಾಕಿ.

ಸಿಲಿಕಾನ್ ಸೀಲ್ ಮಾಡೋಕೆ, ಅಂಟಿಸೋಕಲ್ಲ. ಬಿಸಿ ಮಾತ್ರ 200 ಡಿಗ್ರಿ ದಾಟಿ ತಡೆಯುತ್ತೆ, ಇಂಜಿನ್ ಕವರಿನ ಗ್ಯಾಸ್ಕೆಟ್ಟಿಗೆ ಹಾಕೋದು ಅದಕ್ಕೇ. ವಿನೆಗರ್ ವಾಸನೆ ಬರೋ ಟ್ಯೂಬು ತಾಮ್ರ, ಜಿಐ (ಸತು ಲೇಪದ) ತಗಡು ಎರಡನ್ನೂ ತಿನ್ನುತ್ತೆ, ಅಲ್ಲಿಗೆ ನ್ಯೂಟ್ರಲ್ ಅಂತ ಬರೆದಿರೋದು ಕೇಳಿ ತಗೊಳ್ಳಿ.

ಬಿಸಿ, ಪೆಟ್ರೋಲು, ಯೆಜ್ಡಿ ಟ್ಯಾಂಕು

ರೂಮ್ ಟೆಂಪರೇಚರಲ್ಲಿ ಕೂರೋ ಮಾಮೂಲಿ ಎಪಾಕ್ಸಿ 60ರಿಂದ 80 ಡಿಗ್ರಿಗೆಲ್ಲ ಮೆತ್ತಗಾಗೋಕೆ ಶುರು. ಮಧ್ಯಾಹ್ನ ಬಿಸಿಲಲ್ಲಿ ನಿಂತಿರೋ ಟ್ರ್ಯಾಕ್ಟರ್ ಬಾನೆಟ್ಟೇ ಕೈ ಇಡಕ್ಕಾಗಲ್ಲ, ಅದರ ಮೇಲೆ ಇಂಜಿನ್ ಬಿಸಿ ಬೇರೆ. ಹಾಗಾಗಿ ಇಂಜಿನ್ ಪಕ್ಕದ ಬ್ರಾಕೆಟ್ಟಿಗೆ ಹೈ ಟೆಂಪರೇಚರ್ ಅಂತ ಬರೆದಿರೋದೇ ಬೇಕು. ಸೈಲೆನ್ಸರಿಗೆ ಯಾವ ಎಪಾಕ್ಸೀನೂ ಬೇಡ, ಅದಕ್ಕೆ ಎಕ್ಸಾಸ್ಟ್ ಪುಟ್ಟಿ ಅಂತಾನೇ ಬರುತ್ತೆ, ಅದೂ ತೂತು ಮುಚ್ಚುತ್ತೆ ಅಷ್ಟೇ, ಮುರಿದಿದ್ದು ಸೇರ್ಸಲ್ಲ.

ಮೈಸೂರಲ್ಲಿ ಯೆಜ್ಡಿ ಬೈಕ್ ಇಟ್ಕೊಂಡಿರೋರು ತುಂಬ ಜನ, ಇರ್ಬೇಕಾದ್ದೇ, ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟ್ರೀಲಿ 1961ರಿಂದ ಜಾವಾ, ಆಮೇಲೆ 1996ರವರ್ಗೂ ಯೆಜ್ಡಿ ಹುಟ್ಟಿದ್ದೇ ಇಲ್ಲಿ. ಹಳೆ ಟ್ಯಾಂಕು ಒಳಗಿಂದ ತುಕ್ಕು ಹಿಡಿದು ಸೂಜಿ ಮೊನೆಯಷ್ಟು ತೂತು ಬಿದ್ದು ಪೆಟ್ರೋಲ್ ಜಿನುಗುತ್ತೆ, ಎಲ್ರೂ ಮಾಡೋದು ಎಂ-ಸೀಲು. ಮನೆ ಮುಟ್ಟೋಕೆ ಸಾಕು. ಆದ್ರೆ ಒಳಗಿಂದ ತುಕ್ಕು ತಿಂತಾನೇ ಇರುತ್ತೆ, ಪಕ್ಕದಲ್ಲಿ ಇನ್ನೊಂದು ತೂತು ಬೀಳುತ್ತೆ, ಜೊತೆಗೆ ಈಗ ಪೆಟ್ರೋಲಲ್ಲಿ 20 ಪರ್ಸೆಂಟ್‌ವರ್ಗೂ ಎಥನಾಲ್ ಇರುತ್ತೆ (ಅದ್ರಲ್ಲಿ ನಮ್ ಕಬ್ಬಿಂದೂ ಇದೆ ಅನ್ನಿ), ಅದು ಸಾಮಾನ್ಯ ಎಪಾಕ್ಸೀನ ಪೆಟ್ರೋಲಿಗಿಂತ ಬೇಗ ಮೆತ್ತಗೆ ಮಾಡುತ್ತೆ. ತುಕ್ಕು ತೆಗ್ದು ಒಳಗೆ ಎಥನಾಲ್ ತಡೆಯೋ ಟ್ಯಾಂಕ್ ಲೈನರ್ ಹಾಕೋದು, ಇಲ್ಲಾಂದ್ರೆ ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯೋದು). ಬ್ರೇಜಿಂಗಿಗೆ ಕೊಡೋದಾದ್ರೆ ಟ್ಯಾಂಕ್ ಖಾಲಿ ಮಾಡಿದ್ದೀನಿ ಅಂದ್ರೆ ಸಾಲ್ದು, ಖಾಲಿ ಟ್ಯಾಂಕಲ್ಲಿರೋ ಆವಿನೇ ಸಿಡಿಯೋದು, ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ಈ ಕೆಲ್ಸ ಗೊತ್ತಿರೋರ ಕೈಗೇ ಕೊಡಿ.

ಉಜ್ಜೋದು, ಒರೆಸೋದು

ಗಮ್ ಬಿಟ್ಕೊಂಡ್ಮೇಲೆ ತುಂಡು ತಿರುಗಿಸಿ ನೋಡಿ. ಗಮ್ಮೆಲ್ಲ ಒಂದೇ ಕಡೆ ಇದ್ದು ಇನ್ನೊಂದು ಕಡೆ ಪಳಪಳ ಅಂತಿದ್ರೆ ಗಮ್ಮು ಹಿಡ್ದೇ ಇಲ್ಲ, ಮೈಯಲ್ಲಿ ಜಿಡ್ಡಿತ್ತು ಅಂತ ಅರ್ಥ. ಎರಡೂ ಕಡೆ ಗಮ್ಮು ಉಳಿದು ಮಧ್ಯಕ್ಕೆ ಹರಿದಿದ್ರೆ ಮಾತ್ರ ಗಮ್ಮಿನ ಬಲ ಮುಗೀತು ಅಂತ, ಆಗ ಬೇರೆ ಗಮ್ಮೋ ಬೇರೆ ಥರ ಜಾಯಿಂಟೋ ಯೋಚ್ನೆ ಮಾಡಿ. ಅಂಗಡಿಗೆ ವಾಪಸ್ ಬರೋ ತುಂಡುಗಳಲ್ಲಿ ಹೆಚ್ಚಿನವು ಮೊದಲನೇ ಥರದವೇ.

ಕ್ರಮ ಏನಂದ್ರೆ, ಮೊದ್ಲು ಜಿಡ್ಡು ತೆಗೀರಿ, ಆಮೇಲೆ 80 ಇಲ್ಲಾ 120 ನಂಬರ್ ಎಮರಿ ಪೇಪರಲ್ಲಿ ಅಡ್ಡಡ್ಡ ಉದ್ದುದ್ದ ಉಜ್ಜಿ, ಮತ್ತೆ ಒರೆಸಿ. ಜಿಡ್ಡಿದ್ದಂಗೇ ಉಜ್ಜಿದ್ರೆ ಗ್ರೀಸು ಗೀರಿನೊಳಗೆ ಸೇರ್ಕೊಳ್ಳುತ್ತೆ. ಕೊನೇ ಒರೆಸೋದು ಅಸಿಟೋನಲ್ಲಿ, ಇಲ್ಲಾ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ. ಸೀಮೆಎಣ್ಣೆ, ಡೀಸೆಲ್ಲು, ಪೆಟ್ರೋಲು ಗ್ರೀಸ್ ಕರಗಿಸುತ್ತೆ ನಿಜ, ಆದ್ರೆ ಹೋಗ್ತಾ ತನ್ನದೇ ಎಣ್ಣೆ ಬಿಟ್ಟು ಹೋಗುತ್ತೆ. ಶಾಪಲ್ಲಿ ಬಿದ್ದಿರೋ ಬನಿಯನ್ ವೇಸ್ಟಲ್ಲಿ ಒರೆಸಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಸರಿಯಾಯ್ತಾ ಅಂತ ನೋಡೋಕೆ ನಾಲ್ಕು ಹನಿ ನೀರು ಬಿಡಿ: ಹಾಳೆ ಥರ ಹರಡ್ಕೊಂಡ್ರೆ ಕ್ಲೀನು, ಕೆಸುವಿನೆಲೆ ಮೇಲಿನ ಹಂಗೆ ಗುಂಡಗೆ ನಿಂತ್ರೆ ಇನ್ನೂ ಜಿಡ್ಡಿದೆ. ಆಮೇಲೆ ಒಣಗಿಸಿ ತಕ್ಷಣ ಅಂಟಿಸಿ, ಅಲ್ಯೂಮಿನಿಯಂ ಆದ್ರೆ ಇನ್ನೂ ಬೇಗ, ಅದ್ರ ಮೇಲೆ ಆಕ್ಸೈಡ್ ಪೊರೆ ಮತ್ತೆ ಕಟ್ಕೊಳ್ಳೋಕೆ ಹೊತ್ತು ಬೇಕಿಲ್ಲ.

ಪೇಂಟ್ ಮೇಲೆ ಅಂಟಿಸಿದ್ರೆ ಗಮ್ಮು ಹಿಡಿಯೋದು ಪೇಂಟನ್ನ, ಕಬ್ಬಿಣವನ್ನಲ್ಲ, ಅದಕ್ಕೆ ಕೆರೆದು ಹಾಕಿ. ಜಿಐ ಶೀಟಲ್ಲೂ ಹಂಗೇ, ಹಳೇದಾಗಿ ಬಿಳಿ ಪುಡಿ ಬಂದಿದ್ರೆ ಆ ಪುಡಿ ಹೋಗೋವರ್ಗೂ ಉಜ್ಜಿ, ಸತು ಪೂರ್ತಿ ತೆಗೆದ್ರೆ ಮಾತ್ರ ತುಕ್ಕು ಹಿಡಿಯುತ್ತೆ, ಹದವಾಗಿ. ಬೀಡು ಕಬ್ಬಿಣ ಹಳೇ ಎಣ್ಣೆ ಕುಡಿದಿರುತ್ತೆ, ಒರೆಸಿದ್ಮೇಲೆ ಸ್ವಲ್ಪ ಬಿಸಿ ಮಾಡಿದ್ರೆ ಒಳಗಿನ ಎಣ್ಣೆ ಬೆವರಿ ಆಚೆ ಬರುತ್ತೆ, ಮತ್ತೆ ಒರೆಸಿ.

ಎಲ್ಲಿ ಗಮ್ಮು ಬೇಡ್ವೇ ಬೇಡ

ಬ್ರೇಕು, ಸ್ಟೇರಿಂಗು, ಹ್ಯಾಂಡಲ್ಲು, ಫುಟ್‌ರೆಸ್ಟು, ಏಣಿ, ಗ್ಯಾಸ್ ಸಿಲಿಂಡರಿನ ಯಾವ್ದೇ ಭಾಗ, ಪ್ರೆಷರ್ ಕುಕ್ಕರು. ಅಡಿಗೆ ಪಾತ್ರೆ ಹಿಡಿಗೂ ಬೇಡ, ರಿವಿಟ್ ಹೊಡೆಸಿ. ಆಲೆಮನೆ ಗಾಣದ ಗೇರಿನ ಹಲ್ಲು ಮುರಿದಿದೆ, ಅದೇನೋ ಸ್ಟೀಲ್ ಎಪಾಕ್ಸಿ ಹಾಕಿ ಹಲ್ಲು ಕಟ್ಟಿಕೊಡಿ ಅಂತ ಬರೋರಿದ್ದಾರೆ, ಕಬ್ಬು ಅರೆಯೋ ಬಲಕ್ಕೆ ಅದು ಒಂದು ಸುತ್ತೂ ನಿಲ್ಲಲ್ಲ, ಜೊತೆಗೆ ಪುಡಿ ಹೋಗಿ ರಸಕ್ಕೆ ಬೀಳುತ್ತೆ.

ಮಾಮೂಲಿ ಕಬ್ಬಿಣದ ಆಂಗಲ್ಲು ಪೈಪು ಆದ್ರೆ ವೆಲ್ಡಿಂಗ್ ಮುಂದೆ ಯಾವ ಗಮ್ಮೂ ನಿಲ್ಲಲ್ಲ, ಆರ್ಕ್ ವೆಲ್ಡಿಂಗ್‌ನವ್ರು ಪ್ರತಿ ಹಳ್ಳೀಲೂ ಇದ್ದಾರೆ, ಐದು ನಿಮಿಷದ ಕೆಲ್ಸ, ಸುಮ್ನೆ ಅಲ್ಲಿಗೆ ಹೋಗಿ. ಗಮ್ಮು ಗೆಲ್ಲೋದು ವೆಲ್ಡಿಂಗ್ ಕಷ್ಟ ಇರೋ ಕಡೆ: ಬೀಡು ಕಬ್ಬಿಣ ವೆಲ್ಡ್ ಮಾಡೋವಾಗ ಪಕ್ಕದಲ್ಲೇ ಬಿರುಕು ಬಿಡುತ್ತೆ, ಅಲ್ಯೂಮಿನಿಯಂಗೆ ಟಿಗ್ ಥರದ ಬೇರೆ ವೆಲ್ಡಿಂಗ್ ಬೇಕು, ಅಲ್ಯೂಮಿನಿಯಂನ ಸ್ಟೀಲಿಗೆ ಮಾಮೂಲಿ ವೆಲ್ಡಿಂಗ್ ಆಗಲ್ಲ, ತೆಳು ತಗಡು ತೂತಾಗುತ್ತೆ. ಎರಡು ಬೇರೆ ಮೆಟಲ್ ನೇರ ತಾಗಿ ನೀರು ಬಿದ್ರೆ ಒಂದು ಇನ್ನೊಂದನ್ನ ತಿನ್ನುತ್ತೆ, ಮಧ್ಯೆ ಗಮ್ಮಿನ ಪದರ ಇದ್ರೆ ಅದೂ ತಪ್ಪುತ್ತೆ, ಇದು ಬೋನಸ್ಸು.

ತರೋವಾಗ, ಇಡೋವಾಗ

ಪ್ಯಾಕೆಟ್ ಮೇಲಿನ ಡೇಟ್ ನೋಡಿ, ಬಿಸಿಲು ಬೀಳೋ ಷೋಕೇಸಲ್ಲಿ ನೇತಾಕಿರೋ ಫೆವಿಕ್ವಿಕ್ ತಗೋಬೇಡಿ. ಒಡೆದಿರ್ದೇ ಇರೋ ಟ್ಯೂಬ್ ಫ್ರಿಜ್ಜಲ್ಲಿಟ್ರೆ ಜಾಸ್ತಿ ದಿನ ಬರುತ್ತೆ, ಆಚೆ ತೆಗ್ದ ತಕ್ಷಣ ಒಡೀಬೇಡಿ, ತಣ್ಣಗಿರೋ ಟ್ಯೂಬ್ ಮೇಲೆ ಬೆವರು ಬಂದು ಅದೇ ತೇವಕ್ಕೆ ಬಾಯಿ ಕಟ್ಕೊಳ್ಳುತ್ತೆ, ಅದಕ್ಕೆ ಹೊರಗಿನ ಬಿಸಿಗೆ ಬರೋವರ್ಗೂ ಕಾಯಿರಿ. ಎಪಾಕ್ಸಿ ಟ್ಯೂಬಿನ ಮುಚ್ಚಳ ಅದಲು ಬದಲು ಮಾಡಿದ್ರೆ ಮುಂದಿನ ಸಲ ಕತ್ತಿ ಹಾಕಿ ಕೊಯ್ಯಬೇಕಾಗುತ್ತೆ. ಚಳಿಗಾಲದಲ್ಲಿ ರೆಸಿನ್ ಟ್ಯೂಬು ತುಪ್ಪದ ಹಂಗೆ ಕಾಳುಕಾಳಾಗಿದ್ರೆ ಕೆಟ್ಟೋಯ್ತು ಅಂತ ಎಸೀಬೇಡಿ, ಮುಚ್ಚಳ ಬಿಗಿ ಮಾಡಿ ಕೈ ತಡೆಯೋಷ್ಟು ಬಿಸಿನೀರಲ್ಲಿ ಇಡಿ, ಕಾಳೆಲ್ಲ ಕರಗಿ ತಿಳಿಯಾಗುತ್ತೆ, ಆರಿದ್ಮೇಲೆ ಬಳಸಿ.